ಬೂದು ಗುಂಡಿ

ನಮ್ಮ ಶಾಲೆ ಇಡೀ ರಾಜ್ಯಕ್ಕೆ ಕೊನೆಯದಾಗಿ ಬಂದ ದಿನ ಮಧ್ಯಾಹ್ನದ ಊಟಕ್ಕೆ ಪಾಯಸ ಮಾಡಿಸಿದವಳು ನಾನು. ಬೆಲ್ಲ ತರಲು ಹೇಳಿದಾಗ ಅಡುಗೆಯವರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ಅಕ್ಕೋರಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಎಂದು ಬರೆಯಲು ಹೊರಟಿದ್ದೆ. ಆದರೆ ಈ ಊರಿನಲ್ಲಿ ಇಷ್ಟು ವರ್ಷ ಇದ್ದ ಮೇಲೆ ‘ಇರಬೇಕು’ ಎಂಬ ಮಾತು ಬರೆಯಲು ಕೈ ಏಳುವುದಿಲ್ಲ. ಹಾಗಾಗಿ ಅವರನ್ನೇ ಕರೆದು ಕೇಳಿದೆ. ಹೌದು, ಹಾಗೇ ಅಂದುಕೊಂಡೆ ಎಂದರು. ಪಾಯಸ ಮಾತ್ರ ಚೆನ್ನಾಗಿ ಮಾಡಿದ್ದರು.

ಊರಿನ ಹೆಸರು ಕೆಂಗಲ್ಲಹಾಳ. ಇಳಕಲ್ಲಿನಿಂದ ಆಚೆ, ಕೆಂಪು ಗ್ರಾನೈಟು ತೆಗೆಯುವ ಕ್ವಾರಿಗಳ ನಡುವೆ ಇದೆ. ನಾನು ತುಮಕೂರು ಕಡೆಯವಳು, ಹೆಸರು ವಾರಿಜಾ. ಮುಖ್ಯೋಪಾಧ್ಯಾಯಿನಿ ಎಂಬ ದೊಡ್ಡ ಹೆಸರಿನ ಜೊತೆಗೆ ಒಂದರಿಂದ ಐದನೆಯ ತರಗತಿಯವರೆಗಿನ ಎಲ್ಲ ಪಾಠವೂ ನನ್ನದೇ. ಯಾವುದೋ ದೇಶದ ವಿಮಾನ ನಿಲ್ದಾಣದ ನೆಲಕ್ಕೆ ಹೋಗಬೇಕಾಗಿದ್ದು, ಸೀಳು ಬಿಟ್ಟು ಇಲ್ಲೇ ಉಳಿದುಹೋದ ಕಲ್ಲಿನಿಂದ ಕಟ್ಟಿದ ಶಾಲೆ ನಮ್ಮದು. ನಮ್ಮ ಶೌಚಾಲಯದ ಗೋಡೆಯ ಮಿರುಗು ನೋಡಿ ದಂಗಾದ ಸಾಹೇಬರಿದ್ದಾರೆ. ಒಳಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದನ್ನು ಅವರು ಆಮೇಲೆ ಕಂಡುಕೊಂಡರು.

ಇನ್ನು ಪರೀಕ್ಷೆಯ ವಿಷಯ. ರಾಜ್ಯದ ಐದನೆಯ ತರಗತಿಯ ಮಕ್ಕಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ‘ಸಮತೂಕ’ ಬಂದು ಐದು ವರ್ಷವಾಗಿತ್ತು. ಕಾಗದವಿಲ್ಲ, ಪೆನ್ನಿಲ್ಲ, ಪ್ರತಿ ಮಗುವಿಗೂ ಒಂದು ಹಲಗೆ. ಅದರ ಮೇಲೆ ಪ್ರಶ್ನೆ ಮೂಡುತ್ತದೆ. ಕೆಳಗೆ ನಾಲ್ಕು ಉತ್ತರಗಳಿಗೆ ನಾಲ್ಕು ಬಣ್ಣದ ಗುಂಡಿಗಳು. ಎಡಗೈ ಹೆಬ್ಬೆರಳನ್ನು ಹಲಗೆಯ ಅಂಚಿನ ತಗ್ಗಿನಲ್ಲಿ ಇಟ್ಟುಕೊಂಡೇ ಇರಬೇಕು. ಅಲ್ಲಿ ಹಲಗೆ ಮಗುವಿನ ನಾಡಿ ಹಿಡಿದು, ಕುಳಿತಿರುವುದು ಅದೇ ಮಗುವೋ ಅದರ ಜಾಣ ಅಕ್ಕನೋ ಎಂದು ನೋಡಿಕೊಳ್ಳುತ್ತದೆ. ಪ್ರಶ್ನೆಗಳು ಏಣಿಯ ಮೆಟ್ಟಿಲಿನ ಹಾಗೆ ಜೋಡಣೆಯಾಗಿರುತ್ತವೆ. ಉತ್ತರ ಸರಿಯಾದರೆ ಒಂದು ಮೆಟ್ಟಿಲು ಮೇಲೆ, ಇನ್ನೂ ಕಷ್ಟದ ಪ್ರಶ್ನೆ. ತಪ್ಪಾದರೆ ಒಂದು ಮೆಟ್ಟಿಲು ಕೆಳಗೆ. ಹೊತ್ತು ಮುಗಿದಾಗ ಮಗು ಯಾವ ಮೆಟ್ಟಿಲ ಮೇಲೆ ನಿಂತಿರುತ್ತದೆಯೋ ಅದೇ ಅದರ ಅಂಕ.

ಬಣ್ಣದ ಗುಂಡಿಗಳ ಕೆಳಗೆ ಒಂದು ಬೂದು ಗುಂಡಿಯೂ ಇತ್ತು. ಅದರ ಮೇಲೆ ‘ಗೊತ್ತಿಲ್ಲ’ ಎಂದು ಬರೆದಿತ್ತು. ಅದನ್ನು ಒತ್ತಿದರೆ ಎರಡು ಮೆಟ್ಟಿಲು ಕೆಳಗೆ. ತಪ್ಪು ಹೇಳುವ ಮಗುವಿಗೆ ಅಷ್ಟಿಷ್ಟಾದರೂ ತಿಳಿದಿರುತ್ತದೆ, ಗೊತ್ತಿಲ್ಲ ಎನ್ನುವ ಮಗುವಿಗೆ ಏನೂ ತಿಳಿದಿರುವುದಿಲ್ಲ ಎಂದು ಹಲಗೆ ಮಾಡಿದ ಜಾಣರು ಲೆಕ್ಕ ಹಾಕಿದ್ದರು. ಕಣ್ಣು ಮುಚ್ಚಿ ಬಣ್ಣದ ಗುಂಡಿ ಒತ್ತಿದರೆ ನಾಲ್ಕರಲ್ಲಿ ಒಂದು ಸಲವಾದರೂ ಮೇಲೆ ಹತ್ತಬಹುದು; ನಿಜ ಹೇಳಿದರೆ ಪ್ರತಿ ಸಲವೂ ಜಾರುವುದು ಖಂಡಿತ. ಮೇಷ್ಟರುಗಳೇನು ದಡ್ಡರೇ? ಎರಡನೆಯ ವರ್ಷದ ಹೊತ್ತಿಗೆ ರಾಜ್ಯದ ಉಳಿದ ಮಕ್ಕಳೆಲ್ಲ ಬೂದು ಗುಂಡಿ ಇದೆಯೆಂಬುದನ್ನೇ ಮರೆತಿದ್ದರು. ಗೊತ್ತಾಗದಿದ್ದರೆ ಮೂರನೆಯದನ್ನು ಒತ್ತಿ ಎಂಬ ತಾಲೀಮು ಊರೂರಿಗೆ ಹಬ್ಬಿತ್ತು.

ಸಮತೂಕದಲ್ಲಿ ಒಂದು ಗೆರೆಯನ್ನೂ ಎಳೆದಿದ್ದರು. ಎರಡು ವರ್ಷ ಸತತವಾಗಿ ಆ ಗೆರೆಯ ಕೆಳಗೆ ಬಿದ್ದ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ತಾಲ್ಲೂಕಿನ ದೊಡ್ಡ ಶಿಕ್ಷಣ ಸಂಕುಲಕ್ಕೆ ಬಸ್ಸಿನಲ್ಲಿ ಸಾಗಿಸುವುದು ನಿಯಮ. ಹಿಂದಿನ ವರ್ಷ ನಾವು ಕೂದಲೆಳೆಯಷ್ಟು ಕೆಳಗಿದ್ದೆವು. ಈ ಸಲ ಬಿದ್ದರೆ ಬಾಗಿಲಿಗೆ ಬೀಗ.

ಬೀಗ ಬಿದ್ದರೆ ನನಗೇನೂ ಆಗುತ್ತಿರಲಿಲ್ಲ. ನನ್ನನ್ನು ತುಮಕೂರಿನ ಹತ್ತಿರ ಎಲ್ಲಾದರೂ ಹಾಕುತ್ತಿದ್ದರು, ನನ್ನ ಗಂಡ ಅದಕ್ಕೇ ಕಾದಿದ್ದರು. ಆಗುವುದೇನಿದ್ದರೂ ಹುಲಿಗೆಮ್ಮನಿಗೆ. ಐದನೆಯ ತರಗತಿಯ ಹುಡುಗಿ, ಊರಿಗೆಲ್ಲ ಹುಲಿಗಿ. ಅವಳ ತಾಯಿ ತಿರುಕವ್ವ ಬೆಳಗಾಗುತ್ತಲೇ ಕ್ವಾರಿಗೆ ಹೋಗುತ್ತಾಳೆ. ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಇನ್ನೂ ಸರಿಯಾಗಿ ನಡೆಯಲು ಬಾರದ ತಮ್ಮನನ್ನು ಹುಲಿಗಿ ಸೊಂಟದ ಮೇಲೆ ಹೊತ್ತು ಶಾಲೆಗೆ ತರುತ್ತಾಳೆ. ಅವನು ನನ್ನ ಕುರ್ಚಿಯ ಕೆಳಗೆ ಆಡಿಕೊಂಡಿರುತ್ತಾನೆ. ಸಂಕುಲದ ಬಸ್ಸಿನಲ್ಲಿ ತಮ್ಮಂದಿರಿಗೆ ಜಾಗವಿಲ್ಲ. ಶಾಲೆ ಮುಚ್ಚಿದ ದಿನ ಅವಳ ಓದೂ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ತಿರುಕವ್ವನಿಗೂ ಗೊತ್ತಿತ್ತು.

ಆದ್ದರಿಂದ ಪರೀಕ್ಷೆಗೆ ಮುಂಚೆ ನಾನೂ ತಾಲೀಮು ಶುರುಮಾಡಿದೆ. ಗೊತ್ತಿಲ್ಲದಿದ್ದರೆ ಯಾವುದಾದರೂ ಒಂದು ಬಣ್ಣ ಒತ್ತಿಬಿಡಿ, ಬೂದು ಬಣ್ಣದ್ದನ್ನು ಮುಟ್ಟಬೇಡಿ ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಹುಲಿಗಿ ಎದ್ದು ನಿಂತಳು.

“ಗೊತ್ತಿಲ್ದದ್ದಕ್ಕ ಬಣ್ಣ ಒತ್ತಿದ್ರ, ಗೊತ್ತೈತಿ ಅಂದಂಗ ಆಗ್ತೈತಲ್ರಿ ಅಕ್ಕೋರ?”

ಆಗಲಿ ಬಿಡು, ಯಂತ್ರಕ್ಕೆ ಏನು ತಿಳಿಯುತ್ತದೆ ಎಂದೆ. ಅವಳು ಕೂತಳು. ಆದರೆ ಆ ದಿನವಿಡೀ ತರಗತಿಯಲ್ಲಿ ಯಾರೂ ನನ್ನ ಕಡೆ ಸರಿಯಾಗಿ ನೋಡಲಿಲ್ಲ. ನಾನೇನೋ ಹೊಲಸು ಮಾತಾಡಿದ್ದೇನೆ ಎನ್ನುವ ಹಾಗೆ ತಲೆ ತಗ್ಗಿಸಿಕೊಂಡಿದ್ದರು.

ಮರುದಿನ ಬೆಳಿಗ್ಗೆ ತಿರುಕವ್ವ ಕ್ವಾರಿಯ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಅವಳ ಮಾತು ಅರ್ಥವಾಗಬೇಕಾದರೆ ಆ ಕ್ವಾರಿಯ ರೂಢಿಯೊಂದನ್ನು ಹೇಳಬೇಕು. ಬಂಡೆಯ ಮೇಲಿನ ಪದರವನ್ನು ಮದ್ದು ಹಾಕಿ ಹಾರಿಸುತ್ತಾರೆ. ಸಾಲಾಗಿ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹೊತ್ತಿಸಿ, ದೂರ ನಿಂತು ಸದ್ದು ಎಣಿಸಬೇಕು. ಎಷ್ಟು ಕುಳಿಯೋ ಅಷ್ಟು ಸದ್ದು. ಒಂದು ಕಡಿಮೆಯಾದರೆ ಯಾವುದೋ ಕುಳಿ ಸಿಡಿಯದೆ ‘ಮಲಗಿದೆ’ ಎಂದು ಲೆಕ್ಕ. ಮಲಗಿದ ಕುಳಿಯ ಹತ್ತಿರ ಹೋದವರು ತಿರುಗಿ ಬರುವುದಿಲ್ಲ. ತಿರುಕವ್ವನ ಅಪ್ಪ ಹಾಗೆಯೇ ಹೋದದ್ದು. ಎಣಿಕೆಗೆ ನಿಂತವನು ಲೆಕ್ಕ ತಪ್ಪಿದ್ದನ್ನು ಹೇಳಿಕೊಳ್ಳಲು ನಾಚಿ, ಎಲ್ಲಾ ಆಗಿರಬೇಕು ಎಂದಿದ್ದನಂತೆ.

ಅಂದಿನಿಂದ ಕೆಂಗಲ್ಲಹಾಳದಲ್ಲಿ ಮದ್ದು ಹಾರಿದ ಮೇಲೆ ಅಲ್ಲಿ ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತಾರೆ. ಒಬ್ಬರೇ ಒಬ್ಬರು ಗೊತ್ತಾಗಲಿಲ್ಲ ಎಂದರೂ ಅರ್ಧ ದಿನ ಯಾರೂ ಬಂಡೆಯ ಹತ್ತಿರ ಸುಳಿಯುವುದಿಲ್ಲ. ಅರ್ಧ ದಿನದ ಕೂಲಿಯೂ ಹೋಯಿತು. ಆದರೆ ಗೊತ್ತಾಗಲಿಲ್ಲ ಎಂದವರನ್ನು ಯಾರೂ ಬೈಯುವ ಹಾಗಿಲ್ಲ. ಎಲ್ಲರೂ ನೆರಳಿಗೆ ಬಂದು ಕೂರುತ್ತಾರೆ, ಚಹಾ ಕಾಯಿಸುತ್ತಾರೆ, ಮೊದಲ ಲೋಟ ಅವರಿಗೇ ಕೊಡುತ್ತಾರೆ. ಈ ಚಹಾ ನೋಡುತ್ತಾ ಬೆಳೆದ ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದವು. ಸದ್ದು ಶುರುವಾದರೆ ಪಾಠ ನಿಲ್ಲಿಸಿ ಅವೂ ಬೆರಳು ಮಡಿಸುತ್ತಿದ್ದವು.

“ನೀವು ಪರೀಕ್ಷಾದ ಸಲುವಾಗಿ ಹೇಳೀರಿ, ತಿಳಿತೈತ್ರಿ,” ಎಂದಳು ತಿರುಕವ್ವ. “ಆದ್ರ ಸುಳ್ಳು ಎಣಿಕಿ ಒಂದ್ ಸಲ ಬಾಯಿಗಿ ರೂಢಿ ಆದ್ರ, ಅದು ಸಾಲ್ಯಾಗ ಒಂದು, ಕ್ವಾರ್‍ಯಾಗ ಒಂದು ಅಂತ ಇರಂಗಿಲ್ರಿ.”

ಮಗಳು ಕ್ವಾರಿಗೆ ಬರುವುದು ಬೇಡವೆಂದೇ ಅವಳನ್ನು ಶಾಲೆಗೆ ಕಳಿಸುತ್ತಿರುವುದು ಎಂದೂ ಅವಳೇ ಹೇಳಿದಳು. ಶಾಲೆ ಮುಚ್ಚಿದರೆ ಅವಳು ಬರುವುದು ಅಲ್ಲಿಗೇ ಎಂದು ನಾನು ನೆನಪಿಸಿದೆ. ಗೊತ್ತು ಎಂದಳು. ಹೆಲ್ಮೆಟ್ಟು ತಲೆಗೆ ಹಾಕಿಕೊಂಡು ಹೊರಟುಹೋದಳು. ನನಗೆ ಸಿಟ್ಟು ಬಂತು, ಈ ಜನರಿಗೆ ತಮ್ಮ ಹಿತ ತಿಳಿಯುವುದಿಲ್ಲವಲ್ಲ ಎಂದು ಗೊಣಗಿಕೊಂಡೆ. ಆಮೇಲೆ ತರಗತಿಗೆ ಹೋಗಿ, ನಿನ್ನೆ ಹೇಳಿದ್ದು ಬಿಟ್ಟುಬಿಡಿ, ನಿಮಗೆ ಸರಿ ಕಂಡ ಹಾಗೆ ಒತ್ತಿ ಎಂದೆ. ಮಕ್ಕಳು ತಲೆ ಎತ್ತಿ ನೋಡಿದರು.

ಪರೀಕ್ಷೆಯ ದಿನ ನಾನು ಬಾಗಿಲಲ್ಲಿ ನಿಂತು ನೋಡಿದೆ. ಹುಲಿಗಿ ಲೆಕ್ಕಗಳನ್ನು ಸರಸರನೆ ಏರಿಹೋದಳು, ಭಿನ್ನರಾಶಿ ಬಂತು, ಬೂದು ಒತ್ತಿದಳು. ಎರಡು ಮೆಟ್ಟಿಲು ಜಾರಿದಳು, ಮತ್ತೆ ಹತ್ತಿದಳು, ಮತ್ತೆ ಭಿನ್ನರಾಶಿ, ಮತ್ತೆ ಬೂದು. ಕಣ್ಣಲ್ಲಿ ನೀರು ತುಂಬಿತ್ತು. ಬೆರಳು ಮಾತ್ರ ಬಣ್ಣದ ಕಡೆ ಹೋಗಲಿಲ್ಲ. ತಮ್ಮ ಶಾಲೆಗೆ ತಾವೇ ಬೀಗ ಹಾಕುತ್ತಿದ್ದೇವೆ ಎಂದು ಗೊತ್ತಿದ್ದೂ ಹತ್ತು ವರ್ಷದ ಮಕ್ಕಳು ಹಾಗೆ ಕೂತಿದ್ದನ್ನು ಕಂಡಾಗ ನನಗಾದ ಹೆಮ್ಮೆ ನನ್ನ ಸ್ವಂತ ಮಕ್ಕಳ ಮೇಲೂ ಆಗಿಲ್ಲ. ಪಾಯಸ ಅದಕ್ಕೆ.

ಫಲಿತಾಂಶ ಬಂದ ವಾರದಲ್ಲೇ ಮುಚ್ಚುವ ಆದೇಶವೂ ಬಂತು. ಬೇಸಿಗೆ ರಜೆಗೆ ಮುನ್ನ ಕೀಲಿ ಒಪ್ಪಿಸಬೇಕು. ಟೀವಿಯವರು ‘ಕಲ್ಲು ತಲೆಗಳು’ ಎಂದು ಹೆಸರಿಟ್ಟು ನಮ್ಮ ಶಾಲೆಯ ಚಿತ್ರ ತೋರಿಸಿದರು. ಹೆಸರಿಟ್ಟವನು ತನ್ನ ಜಾಣತನಕ್ಕೆ ತಾನೇ ನಕ್ಕ.

ಇತ್ತ ಧಾರವಾಡದ ಮಾಪನ ಕೇಂದ್ರದಲ್ಲಿ ಬೇರೊಂದು ನಡೆದಿತ್ತು. ಅಲ್ಲಿ ಅಂಕಿಸಂಖ್ಯೆ ನೋಡುವ ಜೈನಬ್ ಮುಲ್ಲಾ ಎಂಬ ವಿಜಾಪುರದ ಹುಡುಗಿ ಇದ್ದಳು. ಮುಂದಿನದೆಲ್ಲ ಅವಳೇ ನನಗೆ ಹೇಳಿದ್ದು. ಕೇಂದ್ರದ ಗೋಡೆಯ ತುಂಬ ಒಂದು ಪರದೆ, ಅದರ ಮೇಲೆ ರಾಜ್ಯದ ನಕ್ಷೆ. ಯಾವ ಗುಂಡಿ ಎಲ್ಲೆಲ್ಲಿ ಎಷ್ಟು ಸಲ ಒತ್ತಲ್ಪಟ್ಟಿದೆ ಎಂದು ಅದು ಬಣ್ಣದಲ್ಲಿ ತೋರಿಸುತ್ತದೆ. ಬೂದು ಗುಂಡಿಯ ನಕ್ಷೆಯನ್ನು ಯಾರೂ ತೆರೆದೇ ಇರಲಿಲ್ಲ. ಜೈನಬ್ ಏನೋ ಹುಡುಕುತ್ತ ತೆರೆದಳು. ಇಡೀ ರಾಜ್ಯ ಬಿಳಿ. ಇಳಕಲ್ಲಿನ ಆಚೆ ಒಂದೇ ಒಂದು ಬೂದು ಚುಕ್ಕೆ.

ಕೇಂದ್ರದ ನಿರ್ದೇಶಕರು ಡಾಕ್ಟರ್ ಶ್ರೀಕರ, ಹಲಗೆಯ ಏಣಿಯನ್ನು ರೂಪಿಸಿದವರು. ಅವರು ಪರದೆ ನೋಡಿ, ಗುಂಡಿಗಳು ಕೆಟ್ಟಿವೆ, ಹೋಗಿ ಬದಲಾಯಿಸಿ ಬನ್ನಿ ಎಂದರು. ಯಂತ್ರ ಕೆಟ್ಟಿದ್ದರೆ ಶಾಲೆಗೆ ಇನ್ನೊಂದು ಅವಕಾಶ ಕೊಡಲು ನಿಯಮವಿದೆ ಎಂದೂ ಹೇಳಿದರು. ಅವರು ಕೆಟ್ಟವರಲ್ಲ, ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರೂ ತಮ್ಮ ತಮ್ಮ ಅಂದಾಜಿನ ಮೇಲೆ ಭರವಸೆ ಇಟ್ಟುಕೊಂಡಿದ್ದರು, ಅಷ್ಟೇ.

ಜೈನಬ್ ಬಂದು ನಮ್ಮ ಹಲಗೆಗಳನ್ನೆಲ್ಲ ಬಿಚ್ಚಿ ನೋಡಿದಳು. ಒಂದೂ ಕೆಟ್ಟಿರಲಿಲ್ಲ. ಯಾಕೆ ಬೂದು ಒತ್ತಿದಿರಿ ಎಂದು ಮಕ್ಕಳನ್ನು ಕೇಳಿದಳು. ಗೊತ್ತಿರಲಿಲ್ಲ, ಅದಕ್ಕೆ ಎಂದವು. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ಸರಿ, ಬಾಮ್ಮ ಎಂದು ಊಟದ ಬಿಡುವಿನಲ್ಲಿ ಅವಳನ್ನು ಕ್ವಾರಿಯ ಕೆಂಪು ಬಾವುಟದವರೆಗೆ ಕರೆದುಕೊಂಡು ಹೋದೆ. ಆ ಹೊತ್ತಿಗೆ ಎಂಟು ಕುಳಿ ಹಾರಿಸುವವರಿದ್ದರು. ನೆಲ ನಡುಗಿತು, ಸದ್ದು ಒಂದರ ಮೇಲೊಂದು ಬಂತು. ಜೈನಬ್ ಕಿವಿ ಮುಚ್ಚಿಕೊಂಡು ನಿಂತಿದ್ದಳು.

ತಿರುಕವ್ವ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಎಂಟು, ಎಂಟು, ಎಂಟು. ನಾನೂ ಎಂಟು ಎಂದೆ. ಜೈನಬಳ ಮುಂದೆ ನಿಂತಳು. ಅವಳು ಸುತ್ತ ನೋಡಿ, ನಗುತ್ತಾ, “ಎಂಟ ಇರ್ಬೇಕ್ರಿ,” ಎಂದಳು.

ಅಷ್ಟೇ. ಎಲ್ಲರೂ ಹಾರೆ, ಸುತ್ತಿಗೆ ಕೆಳಗಿಟ್ಟರು. ಯಂತ್ರದವನು ಯಂತ್ರ ನಿಲ್ಲಿಸಿ ಇಳಿದ. ಏನಾಯಿತೆಂದು ಜೈನಬ್ ನನ್ನನ್ನು ಕೇಳಿದಳು. ಹೇಳಿದೆ. ಪಾಪ, ಅವಳ ಮುಖ ಕಪ್ಪಿಟ್ಟಿತು. ಎಲ್ಲರೂ ಎಂಟು ಅಂದರಲ್ಲ, ನನ್ನದೊಂದು ಬಿಡಿ, ಕೂಲಿ ಕಳೆದುಕೊಳ್ಳಬೇಡಿ ಎಂದು ಬೇಡಿಕೊಂಡಳು. ಯಾರೂ ಕೇಳಲಿಲ್ಲ. ಕೊನೆಗೆ ಅವಳು ತಲೆ ತಗ್ಗಿಸಿ, ಕಿವಿ ಮುಚ್ಚಿಕೊಂಡಿದ್ದೆ, ಎಣಿಸಿಲ್ಲ, ನನಗೆ ಗೊತ್ತಿಲ್ಲ ಎಂದಳು. ತಿರುಕವ್ವ ಮೊದಲ ಲೋಟ ಚಹಾ ತಂದು ಅವಳ ಕೈಗೆ ಕೊಟ್ಟಳು.

ಹೊತ್ತು ಇಳಿದ ಮೇಲೆ ಹೋಗಿ ನೋಡಿದರು. ಎಂಟೂ ಹಾರಿದ್ದವು. ಮಲಗಿದ ಕುಳಿ ಒಂದೂ ಇರಲಿಲ್ಲ. ಜೈನಬ್‌ಗೆ ಇನ್ನಷ್ಟು ಸಂಕಟವಾಯಿತು.

“ಏನೂ ಇರ್ಲಿಲ್ಲಲ್ರಿ. ಸುಮ್ನ ಅರ್ಧಾ ದಿನ ಹೋತಲ್ರಿ ನನ್ನ ಸಲುವಾಗಿ.”

“ಇಲ್ಲಂತ ಈಗ ಗೊತ್ತಾತಲ್ಲ ತಂಗಿ,” ಎಂದಳು ತಿರುಕವ್ವ.

ಜೈನಬ್ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದಳಂತೆ. ಅವಳು ಇರುವುದು ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಐದನೆಯ ತರಗತಿ, ದೊಡ್ಡ ಶಾಲೆ, ಸಮತೂಕದಲ್ಲಿ ತೊಂಬತ್ತಾರು. ಮನೆಯಲ್ಲಿ ಇನ್ನೂ ಮಿಠಾಯಿ ಡಬ್ಬಿ ಖಾಲಿಯಾಗಿರಲಿಲ್ಲ. ಊಟಕ್ಕೆ ಕೂತಾಗ ಜೈನಬ್ ಆ ಮಗು ಪರೀಕ್ಷೆಯಲ್ಲಿ ಸರಿಮಾಡಿದ್ದ ಪ್ರಶ್ನೆಯೊಂದನ್ನು ಮತ್ತೆ ಕೇಳಿದಳು, ಉತ್ತರಗಳ ಆಯ್ಕೆ ಕೊಡಲಿಲ್ಲ. ಮಗು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ, ಮೂರನೆಯದು ಎಂದಿತು. ಮೂರನೆಯದು ಯಾವುದು ಎಂದಳು. ಯಾವುದಾದರೇನು, ತಿಳಿಯದಿದ್ದರೆ ಮೂರನೆಯದು ಎಂದು ಮಿಸ್ ಹೇಳಿದ್ದಾರೆ ಎಂದಿತು. ಅಕ್ಕ ಮಗಳನ್ನು ಗದರಿದಳು. ಜೈನಬ್ ಗದರಬೇಡ, ಅದು ನಿಜ ಹೇಳುತ್ತಿದೆ ಎಂದು ಅದರ ತಟ್ಟೆಗೆ ಇನ್ನೊಂದು ಪೇಡೆ ಹಾಕಿದಳು.

ಮರುದಿನ ಅವಳು ಹೆಬ್ಬೆರಳಿನ ನಾಡಿಯ ದಾಖಲೆ ತೆಗೆದಳು. ಕಳ್ಳ ಅಕ್ಕಂದಿರನ್ನು ಹಿಡಿಯಲೆಂದು ಕೂಡಿಟ್ಟ ದಾಖಲೆ ಅದು, ಬೇರೆ ಕೆಲಸಕ್ಕೆ ಯಾರೂ ಬಳಸಿರಲಿಲ್ಲ. ಗೊತ್ತಿದ್ದು ಒತ್ತುವಾಗ ಮಗುವಿನ ನಾಡಿ ಒಂದೇ ಸಮ ಇರುತ್ತದೆ. ಊಹಿಸಿ ಒತ್ತುವಾಗ ಗುಂಡಿ ಮುಟ್ಟುವ ಮುನ್ನ ನಾಡಿ ಒಂದು ಕ್ಷಣ ಮುಗ್ಗರಿಸುತ್ತದೆ. ರಾಜ್ಯದ ಸರಿಯುತ್ತರಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಹಾಗೆ ಮುಗ್ಗರಿಸಿದವು. ಕೆಂಗಲ್ಲಹಾಳದ ಮಕ್ಕಳ ಬಣ್ಣದ ಉತ್ತರಗಳಲ್ಲಿ ಮುಗ್ಗರಿಸಿದ್ದು ಒಂದೂ ಇರಲಿಲ್ಲ. ಕೊನೆಯ ಸ್ಥಾನದ ಶಾಲೆಯ ಅಂಕ ಮಾತ್ರ ನಿಜವಾದದ್ದು, ಉಳಿದದ್ದೆಲ್ಲ ಕಲಬೆರಕೆ ಎಂದು ಅವಳು ಡಾಕ್ಟರ್ ಶ್ರೀಕರರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ನಾಡಿ ಮುಗ್ಗರಿಸಲು ನೂರು ಕಾರಣ ಇರಬಹುದು, ಬೇರೆ ಪುರಾವೆ ಕೊಡಿ ಎಂದರು.

ಪುರಾವೆಗಾಗಿ ಇನ್ನೂರು ಶಾಲೆಗಳಲ್ಲಿ ಮರುಪರೀಕ್ಷೆ ನಡೆಯಿತು, ನಮ್ಮದೂ ಸೇರಿ. ಅವೇ ಪ್ರಶ್ನೆಗಳು, ಆದರೆ ಆಯ್ಕೆ ಇಲ್ಲ. ಮಗುವೇ ಹಲಗೆಯ ಮೇಲೆ ಉತ್ತರ ಬರೆಯಬೇಕು. ಉಳಿದ ಶಾಲೆಗಳಲ್ಲಿ ಸರಿಯುತ್ತರಗಳಲ್ಲಿ ಮೂರನೆಯ ಒಂದು ಪಾಲು ಮಾಯವಾಯಿತು. ತೊಂಬತ್ತಾರರ ಮಗು ಅರವತ್ತಕ್ಕೆ ಇಳಿಯಿತು. ನಮ್ಮ ಮಕ್ಕಳು ಹಿಂದೆ ಬಣ್ಣ ಒತ್ತಿದ್ದ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಬರೆದಿದ್ದರು, ಬೂದು ಒತ್ತಿದ್ದ ಕಡೆ ಖಾಲಿ ಬಿಟ್ಟಿದ್ದರು. ಹುಲಿಗಿಯದು ಮಾತ್ರ ತಾಳೆಯಾಗಲಿಲ್ಲ. ಬೂದು ಒತ್ತಿದ್ದ ಭಿನ್ನರಾಶಿಗಳಲ್ಲಿ ಅರ್ಧವನ್ನು ಈ ಸಲ ಸರಿಯಾಗಿ ಮಾಡಿದ್ದಳು. ಜೈನಬ್ ಫೋನು ಮಾಡಿ ಇದು ಹೇಗೆ ಎಂದು ಅನುಮಾನದಿಂದ ಕೇಳಿದಳು. ನಾನು ನಕ್ಕೆ. ಗೊತ್ತಿಲ್ಲ ಎಂದು ಹೇಳಿದ್ದಳಲ್ಲಮ್ಮ, ಅದಕ್ಕೇ ಕಲಿಸಿದೆ ಎಂದೆ.

ಇನ್ನೂರರಲ್ಲಿ ನಮ್ಮ ಶಾಲೆ ನಡುವಿಗಿಂತ ತುಸು ಮೇಲೆ ನಿಂತಿತು. ಮೊದಲನೆಯದೇನೂ ಅಲ್ಲ, ಹಾಗೆ ಹೇಳಿ ಜಂಬ ಕೊಚ್ಚಿಕೊಳ್ಳುವುದಿಲ್ಲ. ಆದರೆ ಆ ಇನ್ನೂರರಲ್ಲಿ ಎರಡು ಸಲ ತೂಗಿದರೂ ತೂಕ ಇಳಿಯದ ಶಾಲೆ ಒಂದೇ, ಅದು ಗೊತ್ತಿದೆ, ಆದ್ದರಿಂದ ಹೇಳುತ್ತೇನೆ.

ಇಷ್ಟಾದರೂ ಆದೇಶ ಹಾಗೆಯೇ ಇತ್ತು. ಇನ್ನೂರು ಶಾಲೆಗಳ ಮರುಪರೀಕ್ಷೆ ಬರೀ ಪ್ರಯೋಗ; ಗೆರೆ ಎಳೆದಿರುವುದು ಇಡೀ ರಾಜ್ಯದ ಫಲಿತಾಂಶದ ಮೇಲೆ. ಆ ಫಲಿತಾಂಶ ತಪ್ಪು ಎಂದರೆ ಐದು ವರ್ಷದ ಪಟ್ಟಿಗಳು, ಬಹುಮಾನಗಳು, ಮುಚ್ಚಿದ ಶಾಲೆಗಳು ಎಲ್ಲದಕ್ಕೂ ಉತ್ತರ ಹೇಳಬೇಕು. ಮೇಲಿನವರು ಒಂದು ಉಪಾಯ ಹುಡುಕಿದರು. ಎಲ್ಲ ಮಕ್ಕಳ ಅಂಕದಲ್ಲೂ ಮೂರನೆಯ ಒಂದು ಪಾಲು ಕಡಿದುಬಿಡುವುದು. ಊಹೆಯ ಪಾಲು ಹೋಗುತ್ತದೆ, ಪಟ್ಟಿ ಉಳಿಯುತ್ತದೆ. ಊಹೆಯನ್ನೇ ಮಾಡದ ನಮ್ಮ ಮಕ್ಕಳ ಅಂಕದಲ್ಲೂ ಅಷ್ಟೇ ಕಡಿತ. ಅಲ್ಲಿಗೆ ನಾವು ಮತ್ತೆ ಕೊನೆ.

ಅದನ್ನು ನಮ್ಮ ಶಾಲೆಯಲ್ಲೇ ಪ್ರಕಟಿಸಿದರೆ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಡಾಕ್ಟರ್ ಶ್ರೀಕರ ಬಂದರು, ಜೈನಬ್ ಬಂದಳು, ಕಲ್ಲು ತಲೆ ಎಂದ ಟೀವಿಯವನೂ ಬಂದ. ಕ್ವಾರಿಯವರೆಲ್ಲ ಕೆಲಸ ಬಿಟ್ಟು ಬಂದು ಶಾಲೆಯ ಕಟ್ಟೆಯ ಮುಂದೆ ಕೂತರು. ಮೂಲೆಯಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಬಂದವರಿಗೆ ಕೊಡು ಎಂದು ನಾನು ತಿರುಕವ್ವನಿಗೆ ಎರಡು ಸಲ ಸನ್ನೆ ಮಾಡಿದೆ. ಅವಳು ಜಾಗ ಬಿಟ್ಟು ಕದಲಲಿಲ್ಲ.

ಡಾಕ್ಟರ್ ಶ್ರೀಕರ ಎದ್ದು ನಿಂತು ಮಕ್ಕಳ ಪ್ರಾಮಾಣಿಕತೆಯನ್ನು ಬಹಳ ಹೊಗಳಿದರು. ಆ ಹೊಗಳಿಕೆ ಮನಸ್ಸಿನಿಂದಲೇ ಬಂದದ್ದು, ನಾನು ಅವರ ಮುಖ ನೋಡುತ್ತಿದ್ದೆ. ಆಮೇಲೆ ಕಡಿತದ ವಿಷಯ ಹೇಳಿದರು. ಎಲ್ಲರಿಗೂ ಒಂದೇ ನ್ಯಾಯ ಎಂದರು. ಆ ಮಾತು ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು.

ಹುಲಿಗಿ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಎದ್ದು ನಿಂತಳು. ತರಗತಿಯಲ್ಲಿ ಏಳುವ ಹಾಗೆಯೇ.

“ಸರ, ಆ ಬ್ಯಾರೆ ಸಾಲಿ ಮಕ್ಕಳಿಗಿ ಖರೇನ ಎಷ್ಟು ಬರ್ತೈತ್ರಿ?”

“ಸುಮಾರು ಮೂರನೇ ಒಂದು ಭಾಗ ಕಡಿಮೆ ಇರಬೇಕು ಅಂತ ನಮ್ಮ...” ಎಂದವರು ಮಾತು ನಿಲ್ಲಿಸಿದರು. ಕಟ್ಟೆಯ ಮುಂದೆ ಕೂತವರೆಲ್ಲ ಒಮ್ಮೆಗೇ ತಲೆ ಎತ್ತಿದ್ದರು. ಯಾರೂ ಗಲಾಟೆ ಮಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ಎಣಿಕೆ ಮುಗಿಯುವವರೆಗೆ ಕಾಯುವ ಜನ, ಕಾದರು. ಜೈನಬ್ ತನ್ನ ಕೈಬೆರಳುಗಳನ್ನೇ ನೋಡುತ್ತಿದ್ದಳು.

ಡಾಕ್ಟರ್ ಶ್ರೀಕರ ಮಕ್ಕಳ ಕಡೆ ನೋಡಿದರು, ಟೀವಿಯವನ ಕ್ಯಾಮೆರಾ ಕಡೆ ನೋಡಿದರು. ಕನ್ನಡಕ ತೆಗೆದರು, ಈ ಸಲ ಒರೆಸಲಿಲ್ಲ.

“ಗೊತ್ತಿಲ್ಲಮ್ಮ,” ಎಂದರು. “ಯಾವ ಮಗುವಿಗೆ ನಿಜವಾಗಿ ಎಷ್ಟು ಬರುತ್ತೆ ಅಂತ ನಮಗೆ ಗೊತ್ತಿಲ್ಲ. ಐದು ವರ್ಷದಿಂದಲೂ ಗೊತ್ತಿರಲಿಲ್ಲ.”

ಒಂದು ಸಲ ಹೇಳಿದ ಮೇಲೆ ಉಳಿದದ್ದು ಸರಾಗವಾಗಿ ಬಂತು. ಗೊತ್ತಿಲ್ಲದ ಅಂಕದ ಮೇಲೆ ಗೆರೆ ಎಳೆಯಲು ಬರುವುದಿಲ್ಲ. ಗೆರೆ ಇಲ್ಲವೆಂದರೆ ಅದರ ಕೆಳಗಿನ ಶಾಲೆ ಎಂಬುದೂ ಇಲ್ಲ. ಈ ವರ್ಷದ ಫಲಿತಾಂಶ ರದ್ದು, ಮುಚ್ಚುವ ಆದೇಶಗಳೂ ರದ್ದು, ನನ್ನ ಅಧಿಕಾರದಲ್ಲಿ ಅಷ್ಟಿದೆ, ಮುಂದಿನದನ್ನು ಮೇಲಿನವರಿಗೆ ನಾನೇ ಹೇಳಿಕೊಳ್ಳುತ್ತೇನೆ ಎಂದರು. ಕೂತವರು ಚಪ್ಪಾಳೆ ತಟ್ಟಲಿಲ್ಲ. ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಊರಿಗೆ ಬಂದು ಒಳ್ಳೆಯದಾಯಿತು ಎಂದು ಆವತ್ತಿನಷ್ಟು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಆಗ ತಿರುಕವ್ವ ಎದ್ದಳು. ಲೋಟಕ್ಕೆ ಚಹಾ ಸೋಸಿ, ಮಗಳ ಕೈಗೆ ಕೊಟ್ಟಳು. ಹುಲಿಗಿ ತಮ್ಮನನ್ನು ನನ್ನ ಕೈಗಿತ್ತು, ಎರಡೂ ಕೈಯಲ್ಲಿ ಲೋಟ ಹಿಡಿದು ತಂದು ಡಾಕ್ಟರ್ ಶ್ರೀಕರರ ಮುಂದೆ ನಿಂತಳು. ಅವರು ತೆಗೆದುಕೊಂಡು, ದೊಡ್ಡ ಮನುಷ್ಯರ ಸೌಜನ್ಯದಿಂದ, ಮೊದಲು ನೀವು ಎಂದು ನನ್ನ ಕಡೆ ಚಾಚಿದರು.

“ಅಕ್ಕೋರಿಗಿ ಆಮ್ಯಾಲೆ ಕೊಡ್ತೀವ್ರಿ,” ಎಂದಳು ಹುಲಿಗಿ. “ಮೊದಲನೇದು ನಿಮ್ದ.”

ಅವರಿಗೆ ಅದರ ಅರ್ಥವನ್ನು ಜೈನಬ್ ಕಿವಿಯಲ್ಲಿ ಹೇಳಿದಳು. ಅವರು ನಿಂತಲ್ಲೇ, ನಿಧಾನವಾಗಿ, ಪೂರ್ತಿ ಕುಡಿದರು. ನಾನು ಹುಲಿಗಿಯ ತಮ್ಮನನ್ನು ಎತ್ತಿಕೊಂಡೇ ಹೋಗಿ ಗಂಟೆ ಬಾರಿಸಿದೆ. ಭಿನ್ನರಾಶಿಯ ಪಾಠ ಅರ್ಧಕ್ಕೇ ನಿಂತಿತ್ತು.